ಸೆರಗು ಕೆಂಪು

ಪ್ರಭು ಅಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ, ಅವನ ಕಿಸೆಯಲ್ಲಿದ್ದ ಅಪ್ಪನ ಫೋನು ಟಿಣ್ ಎಂದಿತು. ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆರಡು ಸಲ.

“ಯಾರ್ದು?” ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡನ ಹೆಣದ ಪಕ್ಕದಿಂದ ಯಮನವ್ವ ಕೇಳಿದಳು.

“ಓಣಿ ಗ್ರೂಪಿಂದವ್ವ. ಭಾವಪೂರ್ಣ ಶ್ರದ್ಧಾಂಜಲಿ ಅಂತ ಹಾಕಾಕತ್ತಾರ. ರಾಹುಲನೂ ಹಾಕ್ಯಾನ.”

ಓಣಿಯ ಹುಡುಗ ರಾಹುಲ ಅಲ್ಲೇ ಬಾಗಿಲಾಚೆ ಚಪ್ಪಲಿಗಳ ನಡುವೆ ನಿಂತಿದ್ದ. ಒಳಗೆ ಬಂದು ಎರಡು ಮಾತಾಡುವುದಕ್ಕಿಂತ ಕೈಮುಗಿದ ಚಿತ್ರ ಕಳಿಸುವುದು ಅವನಿಗೆ ಸುಲಭವಾಗಿತ್ತು.

“ಮ್ಯಾಲೆ ಸರಿಸಿ ನೋಡಪಾ. ನಿಮ್ಮಪ್ಪನ ಮಾತಿಗೆ ಯಾರರೆ ಹೂಂ ಅಂದಾರೇನು?”

ಪ್ರಭು ಬೆರಳಾಡಿಸಿದ. ಬಹಳ ಹಿಂದಕ್ಕೆ ಹೋಗಬೇಕಾಯಿತು.

“ಇಲ್ಲವ್ವ.”

*

ಇಳಕಲ್ಲಿನ ಆ ಓಣಿಯಲ್ಲಿ ಕೈಮಗ್ಗ ಬಿಡದೆ ಉಳಿದವರು ಕಡಿಮೆ. ಪ್ರಭುವಿನ ಅಪ್ಪ ಶಿವಸಂಗಪ್ಪ ಅವರಲ್ಲೊಬ್ಬ. ಸೀರೆ ಮಗ್ಗದಿಂದ ಇಳಿದಾಗಲೆಲ್ಲ ಹೆಂಡತಿಯ ಕೈಯಲ್ಲಿ ಸೆರಗು ಹಿಡಿಸಿ, ಫೋಟೋ ತೆಗೆದು ಗುಂಪಿಗೆ ಹಾಕುತ್ತಿದ್ದ. ಯಾರಾದರೊಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದರೆ ಅವನಿಗೆ ಅಷ್ಟು ಸಾಕು.

ನಗರಸಭೆ ಚುನಾವಣೆಯ ಹಿಂದಿನ ದಿನವೂ ಹಾಕಿದ. ಗಿಳಿಹಸಿರು ಒಡಲು, ಕೆಂಪು ಸೆರಗು. ಆ ಸಲ ಅಭ್ಯರ್ಥಿಯೊಬ್ಬ ಕೆಂಪು ಶಾಲು ಹೊದ್ದು ಓಟು ಕೇಳುತ್ತಿದ್ದ.

“ನಾಳೆ ಓಟು, ಇವತ್ತ ಕೆಂಪು. ಎಷ್ಟಕ್ಕ ಮಾರಿಕೊಂಡಿ ಕಾಕಾ?” ಎಂದು ಎದುರಾಳಿಯ ಕಡೆಯ ರಾಹುಲ ಬರೆದ.

ಕೆಂಪು ಶಾಲಿನವರಾದರೂ ಸುಮ್ಮನಿರಬಹುದಿತ್ತು. “ಶಿವಸಂಗಪ್ಪಣ್ಣ ನಮ್ಮವ” ಎಂದು ಹೂಗುಚ್ಛ ಹಾಕಿದರು. ಅಲ್ಲಿಂದ ಮುಂದೆ ಒಬ್ಬರ ಅಪ್ಪನನ್ನು ಇನ್ನೊಬ್ಬರು ಎಳೆದಾಡಿದರು. ದ್ರೋಹಿ ಎಂಬ ಪದವನ್ನು ಶಿವಸಂಗಪ್ಪ ತನ್ನ ಹೆಸರಿನ ಪಕ್ಕ ಮೊದಲ ಸಲ ಓದಿದ.

ಒಂದೇ ಬೆರಳಿನಿಂದ ಬಹಳ ಹೊತ್ತು ಒತ್ತಿ ಅವನು ಬರೆದದ್ದು ಇಷ್ಟು: “ಇಳಕಲ್ ಸೀರಿ ಸೆರಗು ಯಾವಾಗಲೂ ಕೆಂಪ ಇರತೈತಿ. ಹೌದಲ್ರಿ?”

ತಾಯಂದಿರ ಕೆಂಪು ಸೆರಗಿಗೆ ಮೂಗು ಒರೆಸಿಕೊಂಡು ಬೆಳೆದ ಊರದು. ಎಲ್ಲರೂ ಓದಿದರು. ಓದಿದ ಗುರುತು ನೀಲಿಯಾಗಿ ಮೂಡಿತು. ಉತ್ತರ ಬರಲಿಲ್ಲ.

ಆಮೇಲೆ ಅವನು ಫೋಟೋ ಹಾಕಲಿಲ್ಲ. ಆದರೆ ನೇಯುವಾಗ ಫೋನನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಅದರ ಬೆಳಕು ಹತ್ತಿದರೆ ಲಾಳಿ ನಿಲ್ಲುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಸಂಜೆ, ಬೆಳಕು ಹತ್ತದೆಯೂ ನಿಂತಿತು.

*

ಮಧ್ಯಾಹ್ನ ಸತ್ಯಬೋಧ ಮಾಸ್ತರು ತಾಯಿ ಪ್ರೇಮಾಬಾಯಿಯವರ ಕೈಹಿಡಿದು ಬಂದರು. ಗುಂಪು ಕಟ್ಟಿದವರು ಅವರೇ. ಯಾವ ಕಡೆಗೂ ವಾಲದವರೆಂದು ಓಣಿಯಲ್ಲಿ ಹೆಸರು. ಆ ಹೆಸರನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಕಾಪಾಡಿಕೊಂಡಿದ್ದರು.

“ಭಾಳ ಸೌಮ್ಯ ಮನಷ್ಯಾ ಇದ್ದ, ಯಮನವ್ವ.”

“ಅವರು ಸೆರಗಿಂದು ಬರದಿದ್ರಲ್ರಿ ಸರ, ನೀವು ಓದಿದ್ರಿಲ್ಲ?”

“ಓದಿದ್ದೆ.” ಮಾಸ್ತರು ಕನ್ನಡಕ ತೆಗೆದರು. “ಆದ್ರ ನಾ ರಾಜಕೀಯದಾಗ ಬಾಯಿ ಹಾಕೂದಿಲ್ಲವ್ವ.”

“ಸೆರಗು ರಾಜಕೀಯ ಏನ್ರಿ?”

ಮಾಸ್ತರು ಕನ್ನಡಕ ಒರೆಸಿದರು.

“ಒಂದ ಹೌದು ಅಂದಿದ್ರ ಸಾಕಿತ್ತರಿ. ದಾರಿ ನೋಡಿದ್ರು ಪಾಪ.”

“ಏನ ಬರದಿದ್ದನೋ ಶಿವಸಂಗ?” ಫೋನಿಲ್ಲದ ಪ್ರೇಮಾಬಾಯಿ ಮಗನನ್ನು ಕೇಳಿದರು.

“ಆಮ್ಯಾಲೆ ಹೇಳ್ತೇನಿ ಬಿಡವಾ.”

ಹೊರಗೆ ಹೆಗಲು ಕೊಡಲು ಕರೆದರು. ರಾಹುಲ ಮುಂದೆ ಬಂದ. ಪ್ರಭು ಅವನ ಮುಖ ನೋಡದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಹೆಣ ಓಣಿಗೆ ಬಂದಾಗ ಹೆಂಗಸರು ಹೊಸ್ತಿಲು ದಾಟಿದರು. ಯಮನವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪ್ರೇಮಾಬಾಯಿ ಎಳೆದುಕೊಂಡರು, ರಾಹುಲನ ತಾಯಿ ಮಾದೇವಿ ಎಳೆದುಕೊಂಡಳು. ಎರಡೂ ಬದಿಯ ಕಟ್ಟೆಗಳ ಮೇಲೆ ನಿಂತಿದ್ದ ಮುದುಕಿಯರೆಲ್ಲ ಎಳೆದುಕೊಂಡರು.

ಕೊನೆಯ ಯಾತ್ರೆಯದೊಂದು ಫೋಟೋ ಗುಂಪಿಗಿರಲೆಂದು ಸತ್ಯಬೋಧ ಮಾಸ್ತರು ಫೋನು ಎತ್ತಿ ಹಿಡಿದರು. ಪರದೆಯ ತುಂಬ ಕೆಂಪು ಸೆರಗು. ಅವರ ಹೆಬ್ಬೆರಳು ಒತ್ತಲೂ ಇಲ್ಲ, ಎತ್ತಿದ ಕೈ ಕೆಳಗಿಳಿಯಲೂ ಇಲ್ಲ.

ಮುಂದೆ ಹೆಗಲು ಕೊಟ್ಟು ನಡೆಯುತ್ತಿದ್ದ ಪ್ರಭುವಿನ ಕಿಸೆಯಲ್ಲಿ ಅಪ್ಪನ ಫೋನು ಸುಮ್ಮನಿತ್ತು.