ಎರಡೋ, ಮೂರೋ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹರಳಮ್ಮ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವಳದು ಹರಳು ಬೆಳೆಸುವ ಕೆಲಸ. ಗಾಜಿನ ಬಿಲ್ಲೆಯ ಮೇಲೆ ಡಿಎನ್‌ಎ ದ್ರಾವಣದ ಒಂದು ಹನಿ ಇಟ್ಟು, ಬಿಲ್ಲೆಯನ್ನು ಮಗುಚಿ ಪುಟ್ಟ ಗುಳಿಯ ಮೇಲೆ ಮುಚ್ಚಿ, ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ಕಾಯಬೇಕು. ನೂರರಲ್ಲಿ ತೊಂಬತ್ತೊಂಬತ್ತು ಹನಿ ಕೈಕೊಡುತ್ತಿದ್ದವು. "ಅವಸರ ಮಾಡಿದ್ರೆ ಮುನಿಸಿಕೊಳ್ಳುತ್ತೆ, ಬಿಡಿ," ಎನ್ನುತ್ತಿದ್ದಳು.

ಈ ಕೆಲಸ ಕಲಿಸಿದವರು ಮೇಷ್ಟ್ರು. ಅವರ ತಲೆಯಲ್ಲಿ ಒಂದೇ ಹುಳ. ಡಿಎನ್‌ಎಯ ಎರಡು ಎಳೆಗಳಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಘಟಕಗಳಿರುತ್ತವೆ; ಎ ಎದುರಿಗೆ ಟಿ ಕೂರಬೇಕು, ಜಿ ಎದುರಿಗೆ ಸಿ. ಮೊದಲ ಜೋಡಿಯನ್ನು ಎರಡು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ, ಎರಡನೆಯದನ್ನು ಮೂರು. ಅಪ್ಪಿತಪ್ಪಿ ಜಿ ಎದುರಿಗೆ ಟಿ ಬಂದು ಕೂತರೆ? ಟಿ ತನ್ನ ಒಂದು ಹೈಡ್ರೋಜನ್ನಿನ ಜಾಗ ಬದಲಿಸಿಕೊಂಡು, ಸಿಯ ಹಾಗೆ ವೇಷ ಹಾಕಿ, ಮೂರು ಬಂಧ ಕಟ್ಟುತ್ತದೆ ಎಂದು ಮೇಷ್ಟ್ರು ಆಯುಷ್ಯವಿಡೀ ವಾದಿಸಿದ್ದರು. ಉಳಿದವರೆಲ್ಲ, ಇಲ್ಲ, ಟಿ ತುಸು ಪಕ್ಕಕ್ಕೆ ಸರಿದು ಎರಡೇ ಬಂಧದಲ್ಲಿ ನಿಲ್ಲುತ್ತದೆ ಎಂದರು. ಅಂಥದೊಂದು ಜೋಡಿಯನ್ನು ನಡುವೆ ಇಟ್ಟ ಹನ್ನೆರಡು ಜೋಡಿಯ ತುಂಡನ್ನು ಹರಳಾಗಿಸಲು ಹರಳಮ್ಮ ಹನ್ನೊಂದು ವರ್ಷ ಹೆಣಗಿದ್ದಳು.

ಗಂಟಲ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಮೇಷ್ಟ್ರ ದನಿ ಹೋದ ಮರುವಾರವೇ ಹರಳು ಕಟ್ಟಿತು. ಅಕ್ಕಿಯ ನುಚ್ಚಿನಷ್ಟು. ಎಕ್ಸ್‌ರೇ ಹಾಯಿಸಿ, ಲೆಕ್ಕ ಹಾಕಿ, ಪರಮಾಣುಗಳ ನಕ್ಷೆಯನ್ನು ಪರದೆಯ ಮೇಲೆ ತರಿಸಿದಳು. ಟಿ ಪಕ್ಕಕ್ಕೆ ಸರಿದಿತ್ತು. ಎರಡೇ ಬಂಧ. ಸರಿದದ್ದರಿಂದ ತೆರವಾದ ಕಡೆ ಒಂದು ನೀರಿನ ಅಣು ಬಂದು ಜಿ, ಟಿ ಎರಡನ್ನೂ ಹಿಡಿದುಕೊಂಡಿತ್ತು. ಮೂರು ಸಲ ಮೊದಲಿನಿಂದ ಲೆಕ್ಕ ಹಾಕಿಸಿದಳು. ಏನೂ ಬದಲಾಗಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮೇಷ್ಟ್ರ ಹೆಂಡತಿ ಅವಳ ಮುಖ ನೋಡಿದ್ದೇ ಎಲ್ಲ ತಿಳಿದುಕೊಂಡರು.

"ಸರಿ ಹೋಗಿಲ್ಲ ಅಲ್ವಾ?"

"ಇಲ್ಲ ಅಕ್ಕ."

"ಡಾಕ್ಟ್ರು ಇನ್ನು ಹತ್ತು ದಿನ ಅಂದಿದಾರೆ ಕಣೇ. ಮೂರು ಅಂತ ಹೇಳಿಬಿಡು. ನಿನ್ನ ಗಂಟೇನು ಹೋಗುತ್ತೆ?"

ಹೇಳೋಣ ಎಂದುಕೊಂಡೇ ಅವಳು ಒಳಗೆ ಹೋದಳು. ಮೇಷ್ಟ್ರು ದಿಂಬಿಗೊರಗಿ, ತೊಡೆಯ ಮೇಲಿನ ಪುಟ್ಟ ಹಲಗೆಯಲ್ಲಿ ಬರೆದರು: ಎರಡೋ, ಮೂರೋ?

ನಾಲಿಗೆ ತುದಿಗೆ ಬಂದ 'ಮೂರು' ಅಲ್ಲೇ ಒಣಗಿತು. ಒಂದು ಸಲ ಅವಳು ಕೆಟ್ಟ ಹನಿಯನ್ನು ಚೆನ್ನಾಗಿದೆ ಎಂದಾಗ ಆರು ತಿಂಗಳು ಮಾತು ಬಿಟ್ಟಿದ್ದ ಮನುಷ್ಯ ಇವರು.

"ಎರಡು, ಮೇಷ್ಟ್ರೇ," ಎಂದಳು. "ಪಕ್ಕದಲ್ಲಿ ಒಂದು ನೀರಿನ ಅಣು ಇದೆ."

ಅವರು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರಿಳಿಯಿತು. ಕಣ್ಣು ತೆರೆದು, 'ತೋರಿಸು' ಎಂದು ಬರೆದರು. ನಕ್ಷೆಯ ಹಾಳೆಯನ್ನು ಬೆರಳಿನಿಂದ ಸವರಿ ಸವರಿ ನೋಡಿದರು. ಆಮೇಲೆ ಹಲಗೆ ಒರೆಸಿ ಅಪ್ಪಣೆ ಕೊಟ್ಟರು: ನನ್ನ ವಾದ ತಪ್ಪು ಅಂತ ಲೇಖನದಲ್ಲೇ ಬರಿ. ಸಕ್ಕರೆ ಮಾತು ಬೇಡ.

ಒಂಬತ್ತನೆಯ ದಿನ ತೀರಿಕೊಂಡರು. ಸಾವಿನ ಮನೆಯಲ್ಲಿ, ಹೆಂಗಸರ ನಡುವೆ, ಹರಳಮ್ಮ ಹತ್ತಿರ ಹೋಗಿ ಕೈಹಿಡಿದಾಗ ಅವರ ಹೆಂಡತಿ ಕೈ ಬಿಡಿಸಿಕೊಂಡರು. "ಕೊನೇ ಒಂಬತ್ತು ದಿನ ಗೋಡೆ ಕಡೆ ಮುಖ ಮಾಡ್ಕೊಂಡಿದ್ರು. ನನ್ನ ಕಡೆ ತಿರುಗ್ಲೇ ಇಲ್ಲ," ಎಂದಷ್ಟೇ ಹೇಳಿದರು.

ಲೇಖನ ಅಚ್ಚಾಗಿ ಬಂದ ಮೇಲೆ ಅವಳು ಒಂದು ಪ್ರತಿ ಹಿಡಿದು ಮೇಷ್ಟ್ರ ಮನೆಗೆ ಮೂರು ಮಹಡಿ ಹತ್ತಿದಳು. ಬಾಗಿಲು ಅರ್ಧ ತೆರೆಯಿತು.

"ಅವರ ಹೆಸರಿದೆಯಾ?"

"ಮೊದಲನೇದೇ ಅವರದು, ಅಕ್ಕ."

"ತಪ್ಪಾಯ್ತು ಅಂತಾನೂ ಇದೆಯಾ?"

"ಇದೆ. ಅವರೇ ಬರೆಸಿದ್ದು."

ಅಕ್ಕ ಪ್ರತಿಯನ್ನು ತೆಗೆದುಕೊಂಡರು, ಒಳಗೆ ಬಾ ಎನ್ನಲಿಲ್ಲ. ಚಿಲಕ ಹಾಕಿದ ಸದ್ದು ಕೇಳಿತು. ಹರಳಮ್ಮ ಒಂದು ಮಹಡಿ ಇಳಿದಳು. ಮೆಟ್ಟಿಲ ಮೇಲೇ ಕೂತು, ಮೇಷ್ಟ್ರು ಹೋದ ಮೇಲೆ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು.