ಒಂದು ದಿನದ ಮಟ್ಟಿಗೆ ಬಂದೂಕು

ಜಿಂಕೆ ಬೇಟೆಯ ಮೊದಲ ದಿನ ವೆಸ್ಟ್ ವರ್ಜೀನಿಯಾದ ಆ ಗಣಿಯೂರಿನಲ್ಲಿ ಶಾಲೆಗೂ ರಜೆ. ಬೆಳಕು ಹರಿಯುವ ಮೊದಲೇ ಗಂಡಸರೆಲ್ಲ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಗುಡ್ಡ ಹತ್ತಿರುತ್ತಾರೆ. ಆಮೇಲೆ ಸಂಜೆಯವರೆಗೂ ಢಂ ಢಂ. ವರ್ಷದಲ್ಲಿ ಅದೊಂದು ದಿನ ಗುಂಡಿನ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಡೆಲ್ಫಾಳಿಗೆ ಭಯವಿದ್ದದ್ದು ಅದಕ್ಕೇ.

ಅವಳು ಗಂಡ ಕೋಯ್‌ನನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಆ ಮಹಾನುಭಾವ ಊಟದ ಮೇಜಿನ ಮೇಲೆ ಬಂದೂಕಿಟ್ಟು, ಅದರ ಬಾಯನ್ನು ಅವಳ ಕಡೆಗೆ ತಿರುಗಿಸಿಕೊಂಡೇ ಉಣ್ಣುತ್ತಿದ್ದ. ಅವಳ ಹತ್ತಿರ ಸುಳಿಯಕೂಡದು, ಬಂದೂಕು ಇಟ್ಟುಕೊಳ್ಳಕೂಡದು ಎಂದು ನ್ಯಾಯಾಧೀಶೆ ಆದೇಶ ಕೊಟ್ಟರು. ಇರುವ ಐದನ್ನೂ ಯಾರಾದರೂ ನಂಬಿಕಸ್ಥರ ವಶಕ್ಕೆ ಕೊಡು ಎಂದಾಗ ಕೋಯ್ ಹೇಳಿದ್ದು ಡೆಲ್ಫಾಳ ಅಪ್ಪ ಓರ್ವಿಲ್‌ನ ಹೆಸರು. ಅಂದು ಅವಳಿಗೆ ಕಣ್ತುಂಬ ನಿದ್ದೆ ಬಂತು. ಹೆತ್ತ ಅಪ್ಪನಿಗಿಂತ ನಂಬಿಕಸ್ಥ ಇನ್ಯಾರು?

ಬೇಟೆಯ ದಿನ ಬೆಳಗ್ಗೆ ಅಪ್ಪನಿಗೆ ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸು ಒಯ್ದಳು. ಮಂಡಿನೋವಿನ ಮುದುಕ ಗುಡ್ಡ ಹತ್ತಲಾರದೆ ಮನೆಯಲ್ಲೇ ಉಳಿದಿದ್ದ. ಬಂದೂಕಿನ ಬೀರು ತೆರೆದಿತ್ತು. ಒಳಗೆ ಕೋಯ್‌ನವು ನಾಲ್ಕೇ ಇದ್ದವು.

"ಅಪ್ಪಾ, ಇನ್ನೊಂದೆಲ್ಲಿ?"

ಓರ್ವಿಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕೋಯ್ ಬಂದಿದ್ದ. ಒಂದ್ ದಿನದ ಮಟ್ಟಿಗೆ ಕೊಟ್ಟಿದೀನಿ. ಸಂಜೆ ತಂದಿಡ್ತಾನೆ."

"ಅಯ್ಯೋ ಅಪ್ಪಾ!"

"ಕಿರುಚ್ಬೇಡ. ಗುಂಡು ಮೂರೇ ಮೂರು ಎಣಿಸಿ ಕೊಟ್ಟಿದೀನಿ. ಮೊದಲ್ನೇ ದಿನ ಕಣೇ! ಅದೂ ಅವನ ತಾತನ ಬಂದೂಕು. ಇವತ್ತಿನ ದಿನ ಶತ್ರು ಬಂದು ಬಂದೂಕು ಕೇಳಿದ್ರೂ ಯಾರೂ ಇಲ್ಲ ಅನ್ನಲ್ಲ."

"ಜಡ್ಜಮ್ಮ ಹೇಳಿದ್ದು?"

"ಜಡ್ಜಮ್ಮನಿಗಿಂತ ಮೇಲೆ ಸಂವಿಧಾನ ಇದೆ. ಆಯುಧ ಇಟ್ಕೊಳ್ಳೋದು ಅವನ ಹಕ್ಕು. ಆಯಮ್ಮ ಕೊಟ್ಟಿದ್ದಲ್ಲ, ಆಯಮ್ಮ ಕಿತ್ಕೊಳ್ಳೋಕೂ ಆಗಲ್ಲ."

"ಆ ಸಂವಿಧಾನದಲ್ಲಿ ನಾನು ಬದುಕೋಕೆ ಒಂದ್ ಸಾಲಾದ್ರೂ ಇದೆಯಾ?"

ಓರ್ವಿಲ್ ಬ್ರೆಡ್ಡು ಮುರಿದ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು? ಡೆಲ್ಫಾ ಶೆರೀಫರ ಪೊಲೀಸ್ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಎಲ್ಲ ಬರೆದುಕೊಂಡು, "ಗುಡ್ಡದ ತುಂಬ ಕಿತ್ತಳೆ ಅಂಗಿಗಳೇ, ತಾಯಿ. ಯಾರನ್ನ ಅಂತ ಹುಡುಕೋದು? ಬಾಗ್ಲು ಹಾಕ್ಕೊಂಡಿರಿ" ಎಂದಳು.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಗುಂಡು ತಡೆಯಬಲ್ಲದ್ದೆಂದರೆ ಸ್ನಾನದ ಕಬ್ಬಿಣದ ತೊಟ್ಟಿಯೊಂದೇ. ಅದರೊಳಗೆ ಮುದುಡಿ ಕೂತಳು. ಪ್ರತಿ ಢಂ ಸದ್ದಿಗೂ ಎದೆ ಮುಟ್ಟಿ ನೋಡಿಕೊಂಡಳು.

ನಾಲ್ಕರ ಹೊತ್ತಿಗೆ ಮುಂದಿನ ಜಗಲಿಗೆ ಭಾರವಾದದ್ದೇನನ್ನೋ ಎಳೆದ ಸದ್ದಾಯಿತು. ಬೂಟುಗಾಲು ನಿಧಾನವಾಗಿ ಅತ್ತಿತ್ತ ಓಡಾಡಿತು. ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಟ್ರಕ್ಕು ಹೊರಟುಹೋಯಿತು. ಅರ್ಧ ಗಂಟೆ ಬಿಟ್ಟು ಅವಳು ಬಾಗಿಲು ತೆರೆದಳು. ಹೊರಗೆ, ತೊಲೆಗೆ ತಲೆಕೆಳಗಾಗಿ ಜಿಂಕೆ ತೂಗುತ್ತಿತ್ತು. ಕೆಳಗಿನ ಕಾಲೊರಸಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

ಕತ್ತಲಾಗುವ ಮುನ್ನ ಓರ್ವಿಲ್ ಬಂದ. "ನೋಡ್ದಾ? ಬಂದೂಕು ಒರೆಸಿ ಎಣ್ಣೆ ಹಚ್ಚಿ ತಂದುಕೊಟ್ಟ. ಮೊದಲ್ನೇ ಬೇಟೆ ಹೆಂಡ್ತಿ ಬಾಗಿಲಿಗೆ! ಹಳೇ ಪದ್ಧತಿ ಮರ್ತಿಲ್ಲ ಹುಡುಗ."

"ಗುಂಡು ವಾಪಸ್ ಕೊಟ್ನಾ?"

"ಯಾವ್ ಗುಂಡು?"

"ನೀನು ಮೂರು ಕೊಟ್ಟಿದ್ದೆ. ಇದರ ಮೈಲಿರೋ ತೂತು ಒಂದೇ. ಇನ್ನೆರಡು?"

ಓರ್ವಿಲ್ ಜಿಂಕೆಯನ್ನು ಸುತ್ತಿ ಬಂದು ನೋಡಿದ. "ಗುರಿ ತಪ್ಪಿರ್ಬೇಕು... ಇದ್ರೂ, ಬಂದೂಕಿಲ್ದೆ ಗುಂಡಿಟ್ಕೊಂಡು ಏನ್ ಮಾಡ್ತಾನೆ?" ಎಂದವನು ಅಲ್ಲಿಗೇ ಬಾಯಿ ಮುಚ್ಚಿದ. ಆ ಊರಲ್ಲಿ ಒಂದು ದಿನದ ಮಟ್ಟಿಗೆ ಬಂದೂಕು ಕೊಡದ ಮನೆ ಯಾವುದಿದೆ? ಮಗಳು ಬೆಳಗ್ಗೆ ಕಿರುಚಿದ್ದು ಯಾಕೆಂದು ಮುದುಕನಿಗೆ ಆಗ ಹೊಳೆಯಿತು.

ತಪ್ಪು ತಿದ್ದಲು ಅವನಿಗೆ ಗೊತ್ತಿದ್ದ ದಾರಿ ಒಂದೇ. ಟ್ರಕ್ಕಿನಿಂದ ತನ್ನ ಪಿಸ್ತೂಲು ತಂದು ಅವಳ ಅಂಗೈಯಲ್ಲಿಟ್ಟ. "ಆ ಹಕ್ಕು ನಿಂಗೂ ಇದೆ, ಮಗಳೇ." ಬೇಡವೆನ್ನಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮಾರನೆಯ ಬೆಳಗ್ಗೆ ಹಿತ್ತಿಲ ಬಾಗಿಲ ಹಿಡಿ ತಿರುಗಿತು. ಗಾಜಿನ ಹೊರಗೆ ಗಂಡಸಿನ ನೆರಳು. ಡೆಲ್ಫಾ ಎರಡೂ ಕೈಯಲ್ಲಿ ಪಿಸ್ತೂಲು ಎತ್ತಿದಳು. ಬೆರಳು ಒತ್ತಲು ಶುರುಮಾಡಿಯೇ ಬಿಟ್ಟಿತ್ತು. ನೆರಳು ಬಗ್ಗಿ ಗಾಜಿಗೆ ಮುಖವಿಟ್ಟಿತು. ಅಪ್ಪ.

ಅವನೂ ನೋಡಿದ. ಹಾಲಿನ ಡಬ್ಬ ಕೈಜಾರಿ ಬಿತ್ತು.

"ಇನ್ಮೇಲೆ ದೂರದಿಂದ್ಲೇ ನಿನ್ನ ಹೆಸರು ಕೂಗಿ ಬಾ," ಎಂದಳು. ಪಿಸ್ತೂಲು ಇಳಿಸಬೇಕೆಂದರೂ ಕೈ ಮಾತು ಕೇಳಲಿಲ್ಲ.

ಓರ್ವಿಲ್ ಹಿಂದೆ ಹಿಂದೆ ಮೆಟ್ಟಿಲಿಳಿದು ಅಂಗಳದ ನಡುವೆ ನಿಂತ. ಎರಡೂ ಕೈ ಮೇಲೆತ್ತಿದ.

"ಓರ್ವಿಲ್!" ಎಂದು ಕೂಗಿದ. "ನಾನು ಓರ್ವಿಲ್, ಕಣಮ್ಮಾ. ನಿನ್ನಪ್ಪ."