ಕಲ್ಲು ಹೇರಿದ ಬಾಸ್

ರಿಕ್ಷಾದ ಕನ್ನಡಿ ನಡುಗುತ್ತಿದೆ, ಕನ್ನಡಿಗೆ ಕಟ್ಟಿದ ನಿಂಬೆಹಣ್ಣು ನಡುಗುತ್ತಿದೆ, ಎಂಜಿನ್ ಬಂದ್ ಮಾಡಿ ಐದು ನಿಮಿಷವಾಯಿತಲ್ಲ, ಮತ್ತೆ ಯಾಕೆ — ಸ್ಪೀಕರಿನ ಬಾಸ್, ಇನ್ನೇನು, ಮುಂದೆ ಮಾಜಿವಾಡಾದಲ್ಲಿ ಇನ್ನೊಂದು ಮಂಡಳದ ಮೊಸರುಗಡಿಗೆ ಒಡೆಯುವ ದಹಿಹಂಡಿ, ರಸ್ತೆ ತುಂಬ ಜನ, ಲಾರಿಯ ಮೇಲೆ ಎಂಟು ಬಾಸ್ ಪೆಟ್ಟಿಗೆ, ಒಂದರ ಮೇಲೂ ಭಾರ ಇಟ್ಟಿಲ್ಲ ಬೇವರ್ಸಿಗಳು, ಅದಕ್ಕೇ ಢಂಯ್ ಅಂತ ಬಾಲ ಎಳೆಯುತ್ತಿದೆ, ಪ್ಲೈವುಡ್ಡು ತಾನೇ ಅಲುಗಾಡಿ ಅರ್ಧ ಶಬ್ದ ತಿಂದುಹಾಕುತ್ತಿದೆ, ಪೆಟ್ಟಿಗೆಯ ತಲೆಯ ಮೇಲೆ ಇಪ್ಪತ್ತು ಕಿಲೋ ಹೇರಿ ನೋಡಿ ಆಮೇಲೆ, ಧಮ್, ಗುದ್ದಿದ ಹಾಗೆ ಬಂದು ಅಲ್ಲಿಗೇ ನಿಲ್ಲಬೇಕು — ಥೂ ನಿನ್ನ ಜನ್ಮಕ್ಕೆ, ಎಂದು ಲೀಲಾಧರ ತನಗೆ ತಾನೇ ಉಗಿದುಕೊಂಡ, ತೊಡೆಯ ಮೇಲೆ ಒಡಹುಟ್ಟಿದ ಅಣ್ಣನ ಒಡೆದ ತಲೆ ಇದೆ, ಈಗಲೂ ಇವನ ಕಿವಿ ಬಾಸಿಗೆ ಮಾರ್ಕು ಹಾಕುತ್ತಿದೆ. ಅಣ್ಣ, ಪುಂಡರೀಕಾಕ್ಷ, ವರ್ತಕ ನಗರದ ನಾಕಾದಲ್ಲಿ ಇಪ್ಪತ್ತೆರಡು ವರ್ಷ ಇಡ್ಲಿ ಹೊಟೇಲು ನಡೆಸಿದವನು, ಇವನ ಬಾಸ್ ಪೆಟ್ಟಿಗೆಯ ಮೇಲಿಂದ ಇವನೇ ಇಟ್ಟ ಕಲ್ಲು ಅವನ ತಲೆಗೆ ಬಿದ್ದು ಅರ್ಧ ಗಂಟೆಯಾಯಿತು, ಸುತ್ತಿದ ಟೇಬಲ್ ಒರೆಸುವ ಬಟ್ಟೆ ಕೆಂಪಾಗಿ ಈಗ ಕಪ್ಪಾಗುತ್ತಿದೆ. ಬಿಗಿ ಹಿಡೀರಿ ತಲಿ, ಅಳಗ್ಯಾಡಸಬ್ಯಾಡ್ರಿ, ಎನ್ನುತ್ತಾನೆ ರಿಕ್ಷಾದ ಸೈದಪ್ಪ, ಯಾದಗಿರಿಯವನು, ದವಾಖಾನಿ ಇನ್ನ ಎರಡ ಕಿಲೋಮೀಟರ್ ಐತ್ರಿ, ಈ ಮಂದಿ ಸರದ್ರ ಹತ್ತ ಮಿನಿಟ್, ಜೀವ ಐತೋ ಇಲ್ಲೋ ನೋಡ್ರಿ ಮೊದ್ಲ. ಲೀಲಾಧರ ಅಣ್ಣನ ಎದೆಯ ಮೇಲೆ ಅಂಗೈ ಇಟ್ಟ. ಧಮ್, ಧಮ್, ಇದೆ, ಇದೆ ಮಾರಾಯ, ಇದ್ದಾನೆ — ಇಲ್ಲ, ತಡಿ, ಸೀಟೂ ಧಮ್ ಅನ್ನುತ್ತಿದೆ, ಇವನ ಸ್ವಂತ ಪಕ್ಕೆಲುಬೂ ಧಮ್ ಅನ್ನುತ್ತಿದೆ, ಇದರಲ್ಲಿ ಅಣ್ಣನ ಗುಂಡಿಗೆ ಯಾವುದು ಲಾರಿಯ ಬಾಸು ಯಾವುದು, ಹತ್ತು ವರ್ಷ ಶಬ್ದವನ್ನೇ ಉಂಡು ಬದುಕಿದವನಿಗೆ ತಿಳಿಯುತ್ತಿಲ್ಲ. ಮತ್ತೆ ಕಣ್ಣ ಮುಂದೆ ಆ ಕೈ, ಅಣ್ಣನ ಎತ್ತಿದ ಬಲಗೈ. ಹೊಡೆಯಲಿಕ್ಕೇ ಎತ್ತಿದ್ದು. ಹೌದಲ್ಲ, ಹೊಡೆಯಲಿಕ್ಕೇ, ಮತ್ತೆ ಇನ್ಯಾತಕ್ಕೆ?

ಆ ಕೈಯ ಪರಿಚಯ ಇವನಿಗಿಲ್ಲವೇ, ಎರಡು ಸಾವಿರದ ಎರಡನೇ ಇಸವಿಯಲ್ಲಿ ಇಡೀ ಹೊಟೇಲಿಗೇ ಆಯಿತು ಪರಿಚಯ. ಆಗ ಇವನೂ ಅಲ್ಲೇ ಕೆಲಸಕ್ಕಿದ್ದ, ದುಡ್ಡಿನ ಗಲ್ಲೆಯ ಮೇಲಿನ ಹಲಗೆಯಲ್ಲಿ ಎರಡು ಸ್ಪೀಕರು, ಬೆಳಿಗ್ಗೆ ಭಜನೆ ಹಾಕಿದರೆ ತಬಲಾದ ಪ್ರತಿ ಪೆಟ್ಟಿಗೂ ಕರಕರ, ಗಿರಾಕಿಗಳಿಗೆ ಕೇಳದ ಕರಕರ, ಇವನಿಗೆ ಮಾತ್ರ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ಇಟ್ಟಿಗೆ ಇಟ್ಟು ನೋಡಿದ, ಸಕ್ಕರೆ ಡಬ್ಬ ಇಟ್ಟು ನೋಡಿದ, ಸ್ವಲ್ಪ ವಾಸಿ, ಸಾಲದು. ಒಂದು ಮಧ್ಯಾಹ್ನ ತೊಳೆದು ಕವುಚಿಟ್ಟ ಗ್ರೈಂಡರಿನ ಗುಂಡುಕಲ್ಲು ಕಣ್ಣಿಗೆ ಬಿತ್ತು, ಎತ್ತಿ ಸ್ಪೀಕರಿನ ನೆತ್ತಿಯ ಮೇಲಿಟ್ಟ, ಜಾರದ ಹಾಗೆ ಅಡಿಗೆ ಒದ್ದೆ ಗೋಣಿ, ಊರಲ್ಲಿ ಅಮ್ಮ ಕಡೆಯುವ ಕಲ್ಲಿನ ಅಡಿಗೆ ಹಾಕುತ್ತಿದ್ದ ಹಾಗೆ — ಅಬ್ಬಬ್ಬಾ, ತಬಲಾದವನೇ ಎದ್ದು ಬಂದು ಗಲ್ಲೆಯ ಎದುರು ಕೂತ, ಬೆರಳಿನ ಉಗುರು ತಾಗಿದ್ದೂ ಕೇಳಿತು, ಕಣ್ಣಲ್ಲಿ ನೀರು ಬಂತು ಇವನಿಗೆ. ಇನ್ನೊಂದು ಸ್ಪೀಕರಿಗೆ ಇನ್ನೊಂದು ಗ್ರೈಂಡರಿನ ಕಲ್ಲು, ಅಣ್ಣನಿಗೆ ಕಾಣದಿರಲಿ ಅಂತ ಮೇಲೆ ಮೇಜಿನ ಬಟ್ಟೆ, ಆ ಖುಷಿಯಲ್ಲಿ ಪುಣ್ಯಾತ್ಮ ವಾಗ್ಳೆ ಎಸ್ಟೇಟಿನ ರೇಡಿಯೋ ರಿಪೇರಿಯವನಿಗೆ ಹೇಳಿ ಬರಲು ಹೋದವನು ಅಲ್ಲೇ ಉಳಿದ. ಅಡುಗೆಯವರು ಕಲ್ಲು ಹುಡುಕಿ ಹುಡುಕಿ ಸುಸ್ತಾದರು, ನೆನೆಸಿದ ಅಕ್ಕಿ ಉದ್ದು ಹಾಗೇ ಹಳಸಿತು, ಬೆಳಿಗ್ಗೆ ಉಡುಪಿ ಹೊಟೇಲಿನಲ್ಲಿ ಇಡ್ಲಿ ಇಲ್ಲ ಅಂತ ಗಿರಾಕಿಗಳು ನಕ್ಕರು, ಆಮೇಲೆ ಯಾರೋ ಸ್ಪೀಕರಿನ ಮೇಲಿನ ಬಟ್ಟೆ ಎತ್ತಿದಾಗ ಕಲ್ಲು ಕಂಡಿತು. ಇವನು ಒಳಗೆ ಕಾಲಿಟ್ಟದ್ದೇ ತಡ ಅಣ್ಣ ಕೈ ಎತ್ತಿದ, ಕೈಯಲ್ಲಿ ಹಿತ್ತಾಳೆಯ ಸಟ್ಟುಗ, ಒಂದು ಬೆನ್ನಿಗೆ, ಒಂದು ಭುಜಕ್ಕೆ, ಮೂರನೆಯದು ಎಡಗಿವಿಗೆ. ಅನ್ನ ಕೊಡುವ ಕಲ್ಲನ್ನು ಪದ ಕೇಳ್ಲಿಕ್ಕೆ ಇಟ್ಟಿದ್ದೀಯಾ, ನಿಂಗೆ ಮಂಡೆ ಸಮ ಉಂಟಾ, ಹೋಗು, ಆ ಕಲ್ಲನ್ನೂ ಕಟ್ಕೊಂಡು ಹೋಗು, ಇನ್ನು ಈ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೇನೆ. ಸಾಕು ಮಾರಾಯ್ರೆ, ನಾಲ್ಕು ಜನ ನೋಡ್ತಿದ್ದಾರೆ, ಎಂದು ಮುಕ್ತಾ ಅತ್ತಿಗೆ ನಡುವೆ ಬಂದಳು. ಕಿವಿಯಿಂದ ರಕ್ತ ಒರೆಸಿಕೊಳ್ಳುತ್ತ ಇವನು ಹಠಕ್ಕೆ ಎರಡೂ ಕಲ್ಲು ಹೊತ್ತುಕೊಂಡೇ ಹೋದ, ಕಲ್ಯಾಣದಲ್ಲಿ ಕೋಣೆ ಹಿಡಿದ, ಮದುವೆಗೆ ಗಣಪತಿಗೆ ಸೌಂಡ್ ಬಾಡಿಗೆಗೆ ಕೊಟ್ಟ, ಲೀಲಾದಾದಾನ ಬಾಸು ಹೊಟ್ಟೆಗೆ ಒದೆಯುತ್ತದೆ ಅಂತ ಡೊಂಬಿವಿಲಿಯ ತನಕ ಹೆಸರಾಯಿತು. ಆ ಎಡಗಿವಿ ಮಾತ್ರ ಪೂರಾ ಸರಿಯಾಗಲೇ ಇಲ್ಲ.

ಬೇಡ ಅನ್ನಬಹುದಿತ್ತು ಇವತ್ತಿನ ಈ ದಹಿಹಂಡಿಯ ಕೆಲಸಕ್ಕೆ. ವರ್ತಕ ನಗರದ ಮಂಡಳದವರು ಕರೆದಾಗ ಜಾಗ ಯಾವುದು ಅಂತ ಕೇಳಿದ, ಹೊಟೇಲಿನ ಎದುರಿಗೇ ಅಂದರು, ಇವನೊಳಗೆ ಏನೋ ಎದ್ದು ಕುಣಿಯಿತು, ಬಂದೆ ಅಂದ. ನಾಲ್ಕು ಬಾಸ್ ಪೆಟ್ಟಿಗೆ, ಎರಡರ ಮೇಲೆ ಎರಡು, ಮುಖ ಸೀದಾ ಅಣ್ಣನ ಗಲ್ಲೆಗೆ, ನಡುಗಲಿ ಲೋಟ, ನಡುಗಲಿ ದೇವರ ಪಟ, ತುದಿಯಲ್ಲಿ ಆ ಎರಡು ಕಲ್ಲು, ಅದೇ ಕಲ್ಲು, ನೋಡಲಿ ಅವನು ಕೂತಲ್ಲಿಂದ. ಪಟ್ಟಾ ಬಾಂಧ ದಾದಾ, ದಗಡ್ ಪಡೇಲ್, ಪಟ್ಟಿ ಕಟ್ಟು, ಕಲ್ಲು ಬಿದ್ದೀತು ಅಂತ ಲೈಟಿನ ಶೈಲೇಶ್ ಎರಡು ಸಲ ಹೇಳಿದ. ಪಟ್ಟಿ ಬಿಗಿದೂ ನೋಡಿದ್ದಾಯಿತು, ಬಾಸ್ ಹೊಡೆದಾಗಲೆಲ್ಲ ಪಟ್ಟಿ ಝುಂಯ್ ಅನ್ನುತ್ತಿತ್ತು, ಜನಕ್ಕೆ ಕೇಳದ ಝುಂಯ್, ಇವನಿಗೆ ತಡೆಯಲಾಗಲಿಲ್ಲ, ಬಿಚ್ಚಿ ಬಿಸಾಡಿದ, ಒದ್ದೆ ಗೋಣಿ ಉಂಟಲ್ಲ, ಅಮ್ಮನ ಕಲ್ಲು ಒಂದು ದಿನ ಜಾರಿತ್ತಾ? ಅಮ್ಮನ ಕಲ್ಲು ನೆಲದ ಮೇಲಿತ್ತು ಮುಠ್ಠಾಳ, ಅದರಡಿಯಲ್ಲಿ ಬಾಸ್ ಇರಲಿಲ್ಲ. ಆವಾಜ್ ವಾಢವ್, ಆವಾಜ್ ವಾಢವ್, ಸದ್ದು ಏರಿಸು ಅಂತ ಜನ ಕೇಕೆ ಹಾಕುತ್ತಿದ್ದಾರೆ, ಹಂಡಿ ಮುಟ್ಟಲು ಮೂರನೇ ಸಾಲಿನ ಹುಡುಗರು ಭುಜದ ಮೇಲೆ ಏರುತ್ತಿದ್ದಾರೆ, ಇವನು ಪೆಟ್ಟಿಗೆಯ ಬುಡದಲ್ಲೇ ಸೌಂಡ್ ಮಿಕ್ಸರಿನ ಎದುರು ನಿಂತು ಏರಿಸಿದ, ಇನ್ನೂ ಏರಿಸಿದ, ಹೊಟೇಲಿನ ಗಾಜೊಂದು ಒಡೆದದ್ದು ಕಂಡಿತು, ಸಟ್ಟುಗಕ್ಕೆ ಇದು ಬಡ್ಡಿ ಅಂದುಕೊಂಡ. ಆಗ ಅಣ್ಣ ಬಂದ. ಪಂಚೆ ಎತ್ತಿಕಟ್ಟಿ, ಜನರನ್ನು ತಳ್ಳಿಕೊಂಡು, ಬಾಯಿ ತೆರೆದು, ಬಲಗೈ ಎತ್ತಿ, ಒಂದು ಮಾತೂ ಕೇಳಿಸದು, ಬರೀ ಬಾಯಿ, ಬರೀ ಕೈ. ಎಡಗಿವಿ ಚುರ್ರೆಂದಿತು. ಈ ಸಲ ನಾನು ಮೊದಲು, ಎಂದು ಮುಷ್ಟಿ ಬಿಗಿದು ಮೂಗಿಗೇ ಗುದ್ದಿದ, ಎಲುಬು ಕಟಕ್ಕೆಂದದ್ದು ಬೆರಳ ಗಂಟಿಗೆ ಗೊತ್ತಾಯಿತು, ಸುಳ್ಳು ಯಾಕೆ, ಹಿತವಾಯಿತು, ಇನ್ನೊಂದು ಬಿಟ್ಟ, ಕೊರಳಪಟ್ಟಿ ಹಿಡಿದು ಸೆಳೆದು ತಾನು ನಿಂತಿದ್ದ ಜಾಗದಲ್ಲೇ ಪೆಟ್ಟಿಗೆಗೆ ಒತ್ತಿ ಹಿಡಿದ. ಅಣ್ಣ ತಿರುಗಿ ಹೊಡೆಯಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಆ ಕೈ ಇಳಿಯಲಿಲ್ಲ, ಎತ್ತಿದ್ದು ಎತ್ತಿದ ಹಾಗೇ ಇತ್ತು. ಕಲ್ಲು ಬಿದ್ದ ಸದ್ದು ಬಾಸಿನಲ್ಲಿ ಕೇಳಲೇ ಇಲ್ಲ, ಕೊರಳಪಟ್ಟಿ ಒಮ್ಮೆಲೇ ಭಾರವಾಯಿತು, ಅಷ್ಟೆ. ಆಮೇಲೆ ಜನ ಇವನ ಮೇಲೆ ಬಿದ್ದರು, ಚಪ್ಪಲಿ, ಬಿದಿರ ಕೋಲು, ಎರಡು ಹಲ್ಲು ಅಲ್ಲೇ ಹೋದವು, ಇವನು ಅಣ್ಣನನ್ನು ಎತ್ತಿ ರಿಕ್ಷಾಕ್ಕೆ ಹಾಕುವಾಗ ಮುಕ್ತಾ ಅತ್ತಿಗೆ ತಲೆ ಚಚ್ಚಿಕೊಳ್ಳುತ್ತ ಕೂಗಿದಳು, ಕಲ್ಲು ಜಾರ್ತಾ ಉಂಟು, ಲೀಲನ ತಲೆಗೆ ಬೀಳ್ತದೆ ಅಂತ ಗಲ್ಲೆ ಬಿಟ್ಟು ಓಡಿದ್ರಲ್ಲಾ, ನಿನ್ನನ್ನು ಉಳಿಸ್ಲಿಕ್ಕೆ ಓಡಿದ್ರಲ್ಲಾ ಪಾಪಿ.

ಸುಳ್ಳು. ಗಂಡನ ಪರ ಹೆಂಡತಿ ಹೇಳದೆ ಇನ್ನೇನು ಹೇಳಿಯಾಳು, ಆ ಕೈ ಯಾತಕ್ಕೆ ಏಳುವುದು ಅಂತ ಇವನಿಗೆ ಗೊತ್ತು, ಇವನ ಕಿವಿಗೆ ಗೊತ್ತು. ಅಣ್ಣಾ, ನೀನೇ ಹೇಳು, ಹೊಡೆಯಲಿಕ್ಕೆ ತಾನೇ ಬಂದದ್ದು, ಕಣ್ಣು ತೆರೆದು ಹೌದು ಅನ್ನು ಮಾರಾಯ, ಆಸ್ಪತ್ರೆ ಇನ್ನೇನು ಬಂತು, ಬೇಕಿದ್ದರೆ ಈಗ ಹೊಡಿ, ಎಷ್ಟು ಬೇಕಾದರೂ ಹೊಡಿ. ಮುಂದೆ ಎಲ್ಲೋ ಹಂಡಿ ಒಡೆಯಿತು, ಜನ ಹೋ ಅಂದರು, ಬಾಸ್ ನಿಂತಿತು. ಕನ್ನಡಿ ನಿಂತಿತು, ನಿಂಬೆಹಣ್ಣು ನಿಂತಿತು. ಮಂದಿ ಸರ್ಯಾಕ್ಹತ್ಯಾರ್ರಿ, ಎಂದು ಸೈದಪ್ಪ ಕೀಲಿಗೆ ಕೈ ಹಾಕಿದ, ತಡಿಯಪ್ಪಾ, ತಡಿ, ಎಂಜಿನ್ ಹಾಕ್ಬೇಡ, ಒಂದು ನಿಮಿಷ, ಕೇಳ್ಬೇಕು. ಅಂಗೈ ಅಣ್ಣನ ಎದೆಯ ಮೇಲಿದೆ. ಇವನ ಪಕ್ಕೆಲುಬು ಸುಮ್ಮನಾಗಿದೆ, ಸೀಟು ಸುಮ್ಮನಾಗಿದೆ. ಒತ್ತಿದ. ಇನ್ನೂ ಒತ್ತಿದ. ಅಡಿಯಲ್ಲಿ ಏನೂ ಇಲ್ಲ. ಹೊಡೆಯುವ ಕೈಯಾದರೆ ಐದೂ ಬೆರಳು ಬಿಚ್ಚಿರಬೇಕಿತ್ತು, ಇಲ್ಲ ಮುಷ್ಟಿ ಕಟ್ಟಿರಬೇಕಿತ್ತು — ನಾಲ್ಕು ಬೆರಳು ಮಡಚಿತ್ತು, ಒಂದು ನೆಟ್ಟಗಿತ್ತು, ಇವನ ತಲೆಯ ಮೇಲಕ್ಕೆ ತೋರಿಸುತ್ತಿತ್ತು, ಗುದ್ದಿದಾಗಲೂ ತೋರಿಸುತ್ತಿತ್ತು, ಒತ್ತಿ ಹಿಡಿದಾಗಲೂ, ಮೇಲೆ, ಮೇಲೆ, ಆ ಒಂದು ಬೆರಳು.